ಹತ್ತು ಸೆಂಟಿನ ಗಂಧಕಸಾಲೆ

ಜುಲೈ 19, 1981

ಸ್ವಸ್ತಿ ಶ್ರೀ ಸಮಸ್ತ ಭುವನಾಶ್ರಯ, ಕಬಿನೀತೀರ ವಿರಾಜಮಾನ, ಹಸಿರು ರಟ್ಟಿನ ಕವಚಧಾರಿ, ತೊಂಬತ್ತಾರು ಪುಟಗಳ ಅಖಂಡ ಸಾಮ್ರಾಜ್ಯದ ಒಡೆಯರಾದ ನೋಟುಪುಸ್ತಕ ಮಹಾಸ್ವಾಮಿಗಳ ದಿವ್ಯ ಸನ್ನಿಧಾನಕ್ಕೆ, ಮರಕ್ಕಡವಿನ ಶಿವನಂಜಪ್ಪನವರ ಏಕಮಾತ್ರ ಪುತ್ರಿ, ಹತ್ತೊಂಬತ್ತು ವರ್ಷ ಪ್ರಾಯದ, ಎಸ್ಸೆಸ್ಸೆಲ್ಸಿಯನ್ನು ಎರಡನೆಯ ದಂಡಯಾತ್ರೆಯಲ್ಲಿ ಗೆದ್ದ ಚಾಮುಂಡಮ್ಮ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ತಾವು ಈ ಬಡವಿಯ ಕೈಸೇರಿದ ಬಗೆ ಹೀಗೆ. ಪುಲ್ಪಳ್ಳಿಯ ಕೃಷಿ ಆಫೀಸಿನ ಶ್ರೀಧರನ್ ಸಾರ್ ಬಂದು, ಕಳೆ ಸಾಯಿಸುವ ಹೊಸ ಮದ್ದನ್ನು ನಮ್ಮ ಗದ್ದೆಯಲ್ಲಿ ಹೊಡೆದು ನೋಡಲು ಅಪ್ಪನನ್ನು ಒಪ್ಪಿಸಿದರು. ಕಂಡದ್ದನ್ನು ದಿನದಿನ ಬರೆದಿಡಲು ನನ್ನನ್ನು ನೇಮಿಸಿ ಎರಡು ಪುಸ್ತಕ ಕೊಟ್ಟರು. ಒಂದು ಬರೆಯಲು, ಇನ್ನೊಂದು ಮೊದಲನೆಯದು ಕೆಸರಿಗೆ ಬಿದ್ದರೆ ಇರಲೆಂದು. ನನ್ನ ಮೇಲೆ ಎಷ್ಟು ನಂಬಿಕೆ ನೋಡಿ! ಮೊದಲನೆಯದರಲ್ಲಿ ಮಲಯಾಳದಲ್ಲಿ ಬೇಕಾದದ್ದನ್ನು ಬರೆಯುತ್ತೇನೆ, ತಮ್ಮಲ್ಲಿ ಕನ್ನಡದಲ್ಲಿ ಬೇಡವಾದದ್ದನ್ನು. ಸಾರ್‌ಗೆ ಕನ್ನಡ ಅಕ್ಷರ ಬಾರದು, ಅಜ್ಜಿಗೆ ಯಾವ ಅಕ್ಷರವೂ ಬಾರದು, ಅಪ್ಪನಿಗೆ ಪುರುಸೊತ್ತು ಬಾರದು. ತಮ್ಮ ಮುಖದ ಮೇಲೆ ಅಚ್ಚಾದ ‘ಕೋಳಿಕ್ಕೋಡ್’ ಅನ್ನು ಶಾಯಿಯಿಂದ ಹೊಡೆದು ‘ವಯನಾಡ್’ ಎಂದು ಮುದ್ರೆ ಒತ್ತಿದ್ದಾರೆ. ಜಿಲ್ಲೆ ಹುಟ್ಟಿ ಒಂಬತ್ತು ತಿಂಗಳು ತುಂಬಿಲ್ಲ, ಮುದ್ರೆಗೆ ಇನ್ನೂ ನೆಟ್ಟಗೆ ನಿಲ್ಲಲು ಬಾರದು.

ಯುದ್ಧಭೂಮಿಯ ವರ್ಣನೆ. ಒಂದು ಎಕರೆ ಜ್ಯೋತಿ, ಕುಳ್ಳನೆಯ ಹೊಸ ಭತ್ತದ ತಳಿ. ಅದರ ಪಕ್ಕದಲ್ಲಿ ಬಿದಿರು ಮೆಳೆಯ ಕೆಳಗೆ ಹತ್ತು ಸೆಂಟು ಗಂಧಕಸಾಲೆ, ಪರಿಮಳದ ಹಳೆ ನೆಲ್ಲು, ನಿಂಗಮ್ಮಜ್ಜಿಯ ಬಿತ್ತದ ಗದ್ದೆ. ಊರಿನವರೆಲ್ಲ ಜ್ಯೋತಿಗೆ ಹೋದ ಮೇಲೆ ಗಂಧಕಸಾಲೆಯ ಬಿತ್ತ ಉಳಿದಿರುವುದು ಈ ಹತ್ತು ಸೆಂಟಿನಲ್ಲಿ ಮಾತ್ರ. ಯಾರ ಮನೆಯ ಮದುವೆಯಾದರೂ ಪಾಯಸದ ಅಕ್ಕಿಗೆ ಅಜ್ಜಿಯ ಹತ್ತಿರವೇ ಬರಬೇಕು. ಈ ಸಲ ಹಂದಿ ನುಗ್ಗಿ ಮೊದಲ ಸಸಿಮಡಿ ಹಾಳಾದ್ದರಿಂದ ಅಜ್ಜಿ ಮಡಕೆಯ ತಳ ಕೆರೆದು ಮತ್ತೆ ಚೆಲ್ಲಿದಳು. ಈಗ ಮಡಕೆ ಖಾಲಿ. ಇರುವುದೆಲ್ಲ ಗದ್ದೆಯಲ್ಲಿದೆ.

“ಬಿತ್ತದ ಗದ್ದೆಗೆ ಕೈ ಬುಟ್ರೆ ಬೇರೇನೂ ಇಳೀಬಾರ್ದು ಕಣೋ ಶಿವನಂಜ,” ಎಂದಳು ಅಜ್ಜಿ.

“ಕಳೆ ಕೀಳಕೆ ಕೈ ಎಲ್ಲವ್ವ ಈಗ? ಎಲ್ಲಾರೂ ಕಾಪಿ ಎಸ್ಟೇಟಿಗೆ ಹೋದ್ರು.”

“ಅಮ್ಮಿಣಿ ಅವ್ಳಲ್ಲ.”

“ಅಮ್ಮಿಣಿ ಒಬ್ಳು. ಕಳೆ ಲಕ್ಷ.”

ಅಜ್ಜಿ ನಶ್ಯ ಏರಿಸಿ ಗೋಡೆ ಕಡೆ ತಿರುಗಿದಳು. ಅದನ್ನು ಅಪ್ಪ ಒಪ್ಪಿಗೆ ಎಂದುಕೊಂಡರು.

ಇಂದಿನ ಲೋಕಕಲ್ಯಾಣ ಕಾರ್ಯ: ಅಪ್ಪನ ಹಳೆ ಅಂಗಿ ತೊಡಿಸಿ, ತಲೆಗೆ ಓಲೆಯ ಗೊರಬು ಹೊದಿಸಿ, ಬದುವಿನ ಮೇಲೆ ಒಂದು ಬೆದರುಬೊಂಬೆ ನಿಲ್ಲಿಸಿದೆ. ಸಾರ್ ಮಳೆಯಲ್ಲಿ ದೂರದಿಂದಲೇ ಅದಕ್ಕೆ ನಮಸ್ಕಾರ ಹೇಳಿ, ಮದ್ದಿನ ಅಳತೆ ವಿವರಿಸಿ, “ತಿಳಿಯಿತಾ ಶಿವನಂಜಪ್ಪಾ?” ಎಂದು ಎರಡು ಸಲ ಕೇಳಿದರು. ಬೊಂಬೆ ಮರ್ಯಾದಸ್ಥ, ತಿಳಿಯಿತು ಎಂದು ಸುಳ್ಳು ಹೇಳಲಿಲ್ಲ. ಸಾರ್ ಕೊಟ್ಟ ಅಚ್ಚಿನ ಕಾಗದದಲ್ಲಿ ಮೊದಲ ಹಾಳೆ ಓದಿದೆ. ಎರಡನೆಯದು ದೋಣಿಯಾಗಿ ಕಬಿನಿಯಲ್ಲಿ ಕರ್ನಾಟಕದ ದಡಕ್ಕೆ ಯಾತ್ರೆ ಹೊರಟಿತು.

ಜುಲೈ 29

ಇಂದು ಮಹಾಯುದ್ಧ. ಗಂಧಕಸಾಲೆಯ ಎಲೆಗಳನ್ನು ಬೀಡಿಯಂತೆ ಸುರುಳಿ ಸುತ್ತಿಕೊಂಡು ಹಸಿರು ಹುಳುಗಳು ಒಳಗೆ ಸಂಸಾರ ಹೂಡಿದ್ದವು. ಜ್ಯೋತಿಯ ಕಡೆ ಒಂದೂ ಇಲ್ಲ. ಬಿದಿರಿನ ನೆರಳು ಅವಕ್ಕೆ ಹಿತವಾಗಿರಬೇಕು. ಅಪ್ಪ ಪುಲ್ಪಳ್ಳಿಗೆ ಹೋಗಿದ್ದರು. ಬದನೆಗೆ ಹೊಡೆಯುವ ಹುಳದ ಮದ್ದು ಅಟ್ಟದಲ್ಲಿತ್ತು. ಪಂಪನ್ನು ಬೆನ್ನಿಗೇರಿಸಿ, ಕಚ್ಚೆ ಬಿಗಿದು, ಹತ್ತು ಸೆಂಟನ್ನೂ ಒಬ್ಬಳೇ ಸುತ್ತಿ ಶತ್ರುಸಂಹಾರ ಮಾಡಿದೆ. ಪಂಪು ತೊಳೆದು ಇದ್ದ ಜಾಗದಲ್ಲೇ ಇಟ್ಟೆ. ಕೊಯ್ಲಿನ ದಿನ ಎಲ್ಲರ ಮುಂದೆ, “ಈ ಗದ್ದೆಯನ್ನು ಕಾಪಾಡಿದವರು ಯಾರು?” ಎಂದು ಕೇಳಿ ನಾನೇ ಉತ್ತರ ಹೇಳುವುದೆಂದು ತೀರ್ಮಾನ. ಅಲ್ಲಿಯವರೆಗೆ ಗುಟ್ಟು.

ಆಗಸ್ಟ್ 2

ನೀರು ಬಸಿದು ಕಳೆ ಮದ್ದು ಹೊಡೆದಾಯಿತು. ಮೊದಲು ಜ್ಯೋತಿಗೆ, ಆಮೇಲೆ ಗಂಧಕಸಾಲೆಗೆ. ಒಂದೇ ಪಂಪು, ಒಂದೇ ಅಳತೆ. ಪ್ರತಿ ವರ್ಷ ಆ ಗದ್ದೆಯ ಕಳೆ ಕೀಳುವ, ನನ್ನನ್ನು ಮಗಳಂತೆ ‘ಮೋಳೆ’ ಎನ್ನುವ ಅಮ್ಮಿಣಕ್ಕ ಬದುವಿನ ಮೇಲೆ ಸೀರೆ ಎತ್ತಿಕಟ್ಟಿಕೊಂಡೇ ನಿಂತಿದ್ದಳು, ಇಳಿ ಎಂದು ಯಾರಾದರೂ ಹೇಳಬಹುದು ಎಂಬಂತೆ.

“ನಿನಗೆ ರಜಾ ಅಮ್ಮಿಣಕ್ಕ, ಸರ್ಕಾರದ ರಜಾ!” ಎಂದೆ.

“ರಜಾ ಬೇಯಿಸಿ ತಿನ್ನೋದು ಹೆಂಗೆ ಮೋಳೆ, ಉಪ್ಪು ಹಾಕಿಯಾ, ಹಾಕದೆಯಾ?” ಎಂದು ಕೇಳಿ ಹೊರಟುಹೋದಳು.

ಆಗಸ್ಟ್ 4

ಕಳೆ ಬಾಡಿದೆ. ಜ್ಯೋತಿ ಏನೂ ಆಗಿಲ್ಲವೆಂಬಂತೆ ನಿಂತಿದೆ. ಗಂಧಕಸಾಲೆಯ ತುದಿಗಳು ಹಳದಿ. ಅಜ್ಜಿಗೆ ಹೇಳಿಲ್ಲ. ಮಂಡಿ ನೋವಿನಿಂದ ಅವಳು ಗದ್ದೆಗೆ ಬರುವುದಿಲ್ಲ.

ಆಗಸ್ಟ್ 6

ಸುಟ್ಟಿದೆ. ತುದಿಯಲ್ಲ, ಇಡೀ ಎಲೆ. ಬೆಂಕಿ ಹಾಕಿದ ಹುಲ್ಲಿನ ಬಣ್ಣ. ಬದುವಿನ ಒಂದು ಕಡೆ ಹಸಿರು, ಒಂದು ಕಡೆ ಇದು.

ಆಗಸ್ಟ್ 7

ಅಜ್ಜಿಗೆ ಗೊತ್ತಾಯಿತು. ಅಪ್ಪನ ತೋಳು ಹಿಡಿದುಕೊಂಡು ಬದುವಿನವರೆಗೆ ನಡೆದಳು. ಒಂದು ಬುಡ ಕಿತ್ತು, ಬೇರು ನೋಡಿ, ಮತ್ತೆ ಅಲ್ಲೇ ನೆಟ್ಟಳು. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಅಪ್ಪ, “ಅದೇ ಮದ್ದು ಜ್ಯೋತಿಗೆ ಏನೂ ಮಾಡ್ನಿಲ್ಲ. ಇದನ್ನ ಮಾತ್ರ ಯಾರೋ ಕೆಡ್ಸವ್ರೆ. ಕೆಲ್ಸ ತಪ್ಪಿದ್ದು ಯಾರಿಗೆ? ಅವತ್ತು ಬದಿನ ಮೇಲೆ ನಿಂತಿದ್ದು ಯಾರು?” ಎಂದರು. ಎದ್ದು ಹೋಗಿ ಅಮ್ಮಿಣಕ್ಕನಿಗೆ ನಮ್ಮ ಗದ್ದೆಗೆ ಇನ್ನು ಇಳಿಯಬೇಡ ಎಂದು ಹೇಳಿ ಬಂದರು. ಈ ಮಾತು ಪಕ್ಕದ ಮನೆಗಳಿಗೂ ಮುಟ್ಟಿದೆ. ಅವರೂ ಅವಳನ್ನು ಕರೆಯುತ್ತಿಲ್ಲ.

ಆಗಸ್ಟ್ 9

ಶ್ರೀಧರನ್ ಸಾರ್ ಬಂದರು. ಬೊಂಬೆಯನ್ನು ನಾನೇ ಮೊದಲೇ ಕಿತ್ತು ಬಿಸಾಡಿದ್ದೆ. ಸಾರ್ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕುಳಿತು ಎರಡೂ ಕಡೆಯ ಎಲೆ ಹರಿದು ನೋಡಿದರು.

“ಒಂದೇ ನೆಲ್ಲು, ಒಂದೇ ಮದ್ದು. ಒಂದು ಬದುಕ್ತು, ಒಂದು ಹೋಯ್ತು. ಅದೆಂಗೆ ಸಾರ್?” ಎಂದು ಅಪ್ಪ ಕೇಳಿದರು.

ಸಾರ್ ಮಲಯಾಳದಲ್ಲಿ ಹೇಳಿದ್ದನ್ನು ನೆನಪಿದ್ದಷ್ಟು ಬರೆಯುತ್ತೇನೆ. ಮದ್ದು ಹುಲ್ಲಿನ ಒಳಗೂ ಹೋಗುತ್ತದೆ, ನೆಲ್ಲಿನ ಒಳಗೂ ಹೋಗುತ್ತದೆ. ನೆಲ್ಲಿನೊಳಗೆ ಅದನ್ನು ಒಡೆದು ಹಾಕುವ ಪಣಿಕಾರರು, ಎಂದರೆ ಕೆಲಸದಾಳುಗಳು, ಇದ್ದಾರೆ, ಹುಲ್ಲಿನೊಳಗೆ ಇಲ್ಲ. ಅದಕ್ಕೇ ಹುಲ್ಲು ಸಾಯುತ್ತದೆ. ಆದರೆ ಎಲ್ಲ ನೆಲ್ಲಿನಲ್ಲೂ ಪಣಿಕಾರರು ಒಂದೇ ಸಮ ಇರುವುದಿಲ್ಲ. ಜ್ಯೋತಿಯಲ್ಲಿ ಹತ್ತು ಜನ ಇದ್ದರೆ ಇದರಲ್ಲಿ ನಾಲ್ಕು ಜನ ಇರಬಹುದು. ಎಲೆ ತೆಳ್ಳಗಿದ್ದರೆ ಮದ್ದು ಒಳಗೆ ನುಗ್ಗುವುದೂ ಬೇಗ.

“ಕುಟ್ಟನ್ ಎರಡು ಕುಪ್ಪಿ ಕುಡಿದು ನೆಟ್ಟಗೆ ನಡೀತಾನೆ, ವೇಲಾಯುಧನ್ ಒಂದು ಲೋಟಕ್ಕೇ ಚರಂಡಿ ಸೇರ್ತಾನೆ, ಹಂಗಾ ಸಾರ್?” ಎಂದೆ.

“ಹಾಗೇ ಕುಟ್ಟಿ,” ಎಂದು ಸಾರ್ ಮಗುವಿಗೆ ಹೇಳುವಂತೆ ಹೇಳಿದರು.

“ಇದಕ್ಯಾಕೆ ಕಮ್ಮಿ ಕೊಟ್ಟ ದೇವ್ರು?” ಎಂದರು ಅಪ್ಪ.

“ದೇವರಲ್ಲ, ಆರಿಸಿದವರು. ಜ್ಯೋತಿಯನ್ನು ಭತ್ತದ ಸಂಶೋಧನೆಯ ಸ್ಟೇಷನ್ನಿನಲ್ಲಿ ಗೊಬ್ಬರ, ಮದ್ದು ಎಲ್ಲ ಕೊಟ್ಟು, ತಡೆದುಕೊಂಡದ್ದನ್ನೇ ಹೆಕ್ಕಿದರು. ನಿಮ್ಮದನ್ನು ನೂರಾರು ವರ್ಷ ಹೆಕ್ಕಿದವರು ಅಡುಗೆಮನೆಯವರು. ಅವರು ಪರಿಮಳ ಕೇಳಿದರು, ಅದು ಪರಿಮಳ ಕೊಟ್ಟಿತು. ಮದ್ದು ತಡೆಯುತ್ತೀಯಾ ಎಂದು ಯಾರೂ ಕೇಳಲಿಲ್ಲ.”

ಆಮೇಲೆ ಹುಬ್ಬು ಗಂಟಿಕ್ಕಿದರು. “ಆದರೂ ಇಷ್ಟು ಸುಡಬಾರದು. ನಾಲ್ಕು ಜನ ಪಣಿಕಾರರು ಇದ್ದರೂ ಬದುಕಬೇಕಿತ್ತು. ಅವರ ಕೈ ಕಟ್ಟುವಂಥದ್ದು ಒಂದೇ. ಹುಳದ ಮದ್ದು. ಎರಡು ವಾರದೊಳಗೆ ಯಾರಾದರೂ ಹುಳದ ಮದ್ದು ಹೊಡೆದಿದ್ದೀರಾ? ನಾನು ಕೊಟ್ಟ ಕಾಗದದ ಎರಡನೆಯ ಹಾಳೆಯಲ್ಲಿ ದಪ್ಪ ಅಕ್ಷರದಲ್ಲಿತ್ತಲ್ಲ.”

“ಇಲ್ಲ ಸಾರ್,” ಎಂದರು ಅಪ್ಪ.

ಸಾರ್ ನನ್ನ ಕಡೆ ನೋಡಿದರು. ನಾನು ಪುಸ್ತಕದ ಕಡೆ ನೋಡಿದೆ.

ಆಗಸ್ಟ್ 10

ಏನೂ ಇಲ್ಲ.

ಆಗಸ್ಟ್ 11

ದನದ ಕೊಟ್ಟಿಗೆಯ ಹಿಂದೆ ನಾಲ್ಕು ಹಳೆ ಡಬ್ಬಿಗಳಿಗೆ ಕೆಸರು ತುಂಬಿದೆ. ಎರಡರಲ್ಲಿ ಜ್ಯೋತಿ, ಎರಡರಲ್ಲಿ ಗಂಧಕಸಾಲೆ. ಗಂಧಕಸಾಲೆಯ ಸಸಿ ಸಿಕ್ಕಿದ್ದು ಮಡಿಯ ಮೂಲೆಯಲ್ಲಿ, ಕೀಳಲು ಮರೆತುಬಿಟ್ಟ ಎಂಟು. ಅಷ್ಟೇ. ಪ್ರತಿ ಡಬ್ಬಿಗೆ ನಾಲ್ಕು. ಜ್ಯೋತಿಯ ಒಂದು ಡಬ್ಬಿಗೂ ಗಂಧಕಸಾಲೆಯ ಒಂದು ಡಬ್ಬಿಗೂ ಹುಳದ ಮದ್ದು ಹೊಡೆದೆ. ಇನ್ನು ನಾಲ್ಕು ದಿನ ಬಿಟ್ಟು ನಾಲ್ಕಕ್ಕೂ ಕಳೆ ಮದ್ದು.

ಈ ಎಂಟು ಸಸಿಗಳನ್ನೂ ಕೊಲ್ಲುತ್ತಿದ್ದೇನೆಯೇ? ಆದರೆ ಸಾರ್ ಹೇಳಿದ್ದು ತಪ್ಪೂ ಇರಬಹುದಲ್ಲ. ತಪ್ಪೇ ಇರಲಿ.

ಆಗಸ್ಟ್ 15

ಶಾಲೆಯಲ್ಲಿ ಬಾವುಟ. ನಾನು ಹೋಗಲಿಲ್ಲ. ನಾಲ್ಕು ಡಬ್ಬಿಗೂ ಹೊಡೆದೆ.

ಅಮ್ಮಿಣಕ್ಕ ಕೆಲಸ ಹುಡುಕಿಕೊಂಡು ದೂರದ ಬಾವಲಿ ಊರಿಗೆ ನಡೆದು ಹೋಗುತ್ತಾಳಂತೆ. ಬೆಳಿಗ್ಗೆ ಹೋದರೆ ಸಂಜೆ.

ಆಗಸ್ಟ್ 20

ಜ್ಯೋತಿ, ಹುಳದ ಮದ್ದಿಲ್ಲದ್ದು: ನಾಲ್ಕೂ ಹಸಿರು.
ಜ್ಯೋತಿ, ಹುಳದ ಮದ್ದು ಹೊಡೆದದ್ದು: ಅರ್ಧ ಎಲೆ ಸುಟ್ಟಿದೆ, ಸುಳಿ ಜೀವಂತ.
ಗಂಧಕಸಾಲೆ, ಹುಳದ ಮದ್ದಿಲ್ಲದ್ದು: ತುದಿ ಹಳದಿ, ನಾಲ್ಕೂ ಜೀವಂತ.
ಗಂಧಕಸಾಲೆ, ಹುಳದ ಮದ್ದು ಹೊಡೆದದ್ದು: ಮೂರು ಸತ್ತವು. ಒಂದು ಗೊತ್ತಿಲ್ಲ.

ಸಾರ್ ಹೇಳಿದ್ದು ಸರಿ. ನನ್ನ ಕೈ ಮುಟ್ಟದಿದ್ದರೆ ಅಜ್ಜಿಯ ಗದ್ದೆ ಹಳದಿಯಾಗಿ ಚೇತರಿಸಿಕೊಳ್ಳುತ್ತಿತ್ತು.

ಆಗಸ್ಟ್ 21

ಹೇಳಿದೆ. ಹೇಗೆ ಹೇಳಬೇಕೆಂದು ರಾತ್ರಿಯೆಲ್ಲ ಮಾತು ಕಟ್ಟಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ಡಬ್ಬಿಗಳನ್ನು ತಂದು ಜಗಲಿಯ ಮೇಲೆ ಸಾಲಾಗಿ ಇಟ್ಟು, “ಹುಳದ ಮದ್ದು ಹೊಡ್ದೋಳು ನಾನು,” ಎಂದೆ.

ಅಪ್ಪ ನಕ್ಕರು! ಇದೂ ಒಂದು ಕುಚೇಷ್ಟೆ ಎಂದುಕೊಂಡರು. ಮುಖ ನೋಡಿದ ಮೇಲೆ ನಗು ನಿಂತಿತು. ಕೈ ಎತ್ತಿದರು. ಅಜ್ಜಿ ಒಳಗಿನಿಂದ, “ಹೊಡೀಬ್ಯಾಡ ಶಿವನಂಜ. ಮೊದ್ಲು ಆ ಹೆಂಗಸಿನ ತಾವ ಹೋಗಿ ಬಾ,” ಎಂದಳು.

ನಾವಿಬ್ಬರೂ ಹೋದೆವು. ಅಮ್ಮಿಣಕ್ಕ ಗುಡಿಸಲ ಮುಂದೆ ಗೆಣಸು ಕೆರೆಯುತ್ತಿದ್ದಳು. ಅಪ್ಪ ನೆಲ ನೋಡಿಕೊಂಡು ಹೇಳಿದರು. ಅವಳು ಪೂರ್ತಿ ಕೇಳಿ, “ನಂಗೆ ಗೊತ್ತಿತ್ತು,” ಎಂದಳು.

“ಏನು ಗೊತ್ತಿತ್ತು?”

“ಮೋಳೆ ಪಂಪು ಹೊತ್ಕೊಂಡು ಕುಣೀತಾ ಹೊಡೀತಿದ್ದದ್ದು. ನಾನು ಮೆಳೆ ಹಿಂದೆ ಸೌದೆ ಆಯ್ತಿದ್ದೆ.”

“ಯಾಕೆ ಹೇಳ್ನಿಲ್ಲ?” ಎಂದೆ.

“ಹೇಳಿದ್ರೆ ಮೊದಲಾಳಿ, ನಿಮ್ಮಪ್ಪ, ಯಾರನ್ನ ನಂಬ್ತಿದ್ರು? ಕೆಡ್ಸಿದೋಳೇ ಮನೆಯೋರ ಮಗಳ ಮೇಲೆ ಹಾಕ್ತಾಳೆ ಅಂತಿರ್ಲಿಲ್ವಾ?”

ಅಪ್ಪ, ನಾಳೆ ಗದ್ದೆಗೆ ಬರುತ್ತೀಯಾ ಎಂದು ಕೇಳಿದರು. “ಬತ್ತೀನಿ. ಬರೋಕೆ ಮುಂಚೆ ನಾಕು ಮನೆಗೂ ನೀವೇ ಹೋಗಿ ಹೇಳಿ,” ಎಂದಳು. ಅಪ್ಪ ಹೋದರು. ಹಿಂದೆ ನಾನೂ ಹೋದೆ. ಪ್ರತಿ ಮನೆಯಲ್ಲೂ ನನ್ನ ಹೆಸರು ಹೇಳಿದಾಗ ಮೊದಲು ನಕ್ಕರು.

ಆಗಸ್ಟ್ 23

ಹತ್ತು ಸೆಂಟಿನಲ್ಲಿ ಜೀವ ಇರುವ ಬುಡ ಇನ್ನೂರ ಹನ್ನೆರಡು. ಎರಡು ಸಲ ಎಣಿಸಿದೆ. ಸುಟ್ಟ ಎಲೆಗಳ ನಡುವೆ ಸೂಜಿಯಂಥ ಹಸಿರು ಸುಳಿ. ಅಮ್ಮಿಣಕ್ಕ ಒಂದೊಂದು ಬುಡವನ್ನೂ ಮಣ್ಣಿನ ಸಮೇತ ಎತ್ತಿ, ಉಗುರಿನಿಂದ ಸೀಳಿ, ಬೇರು ಇರುವ ತೆಂಡೆಗಳನ್ನು, ಬುಡದ ಕವಲುಗಳನ್ನು, ಬೇರೆ ಬೇರೆಯಾಗಿ ಮೇಲಿನ ಮೂಲೆಯಲ್ಲಿ ನೆಡುತ್ತಾಳೆ. ಒಂದು ಬುಡ ಎರಡಾಗುತ್ತದೆ, ಕೆಲವು ಮೂರು. ನಾನು ಸೀಳಿದ ಮೊದಲ ಐದು ಬುಡಗಳಲ್ಲಿ ಬೇರು ಜೊತೆಗೆ ಬರಲಿಲ್ಲ.

“ಬೀಡಿ ಸುತ್ತೋ ಹಂಗೆ ಹಿಡೀಬೇಡ. ಕೂಸಿನ ಕೈ ಹಿಡಿಯೋ ಹಂಗೆ ಹಿಡಿ,” ಎಂದಳು.

ಆರನೆಯದು ಬಂತು.

ಆಗಸ್ಟ್ 30

ನಾಲ್ಕು ದಿನ ಜ್ವರ ಹಿಡಿದಂತೆ ಗದ್ದೆಯಲ್ಲೇ ಇದ್ದೆ. ನೆಟ್ಟದ್ದು ಹಿಡಿದಿದೆ. ಸಂತೋಷದಿಂದ ಅಜ್ಜಿಗೆ ಹೇಳಲು ಓಡಿಬಂದರೆ ಅವಳು ಕೇಳಿದ ಮಾತಿಗೆ ಅಲ್ಲೇ ಕುಳಿತುಬಿಟ್ಟೆ.

“ಮದ್ದಿಗೆ ಸಾಯ್ದೆ ಉಳಿದದ್ದು ನಮ್ದೇ ಹೌದಾ ಮಗಳೆ? ಜ್ಯೋತಿಗೆ ತಡಿಯೋ ಸಕ್ತಿ ಅದೆ ಅಂತ ನಿಮ್ಮ ಸಾರೇ ಹೇಳಿದ್ರಲ್ಲ. ಮಡಿ ಪಕ್ಕಪಕ್ಕ ಇತ್ತು. ನಾಟಿಯಲ್ಲಿ ಬೆರೆತ ಜ್ಯೋತಿ ಮಾತ್ರ ಉಳ್ಕೊಂಡು, ನಮ್ದೆಲ್ಲ ಹೋಗಿದ್ರೆ?”

ಹೌದು. ಮದ್ದೇ ಜರಡಿ ಹಿಡಿದ ಹಾಗೆ. ಗಟ್ಟಿ ಇದ್ದದ್ದು ಉಳಿದಿದೆ. ಗಟ್ಟಿ ಇದ್ದದ್ದು ಯಾವುದು?

ಸೆಪ್ಟೆಂಬರ್ 8

ಅಮ್ಮಿಣಕ್ಕ ಎಲೆ ನೋಡಿಯೇ, “ಇದು ಜ್ಯೋತಿ, ಇದು ಅಲ್ಲ,” ಎನ್ನುತ್ತಾಳೆ. ಹೇಗೆ ಎಂದರೆ, “ಊರಲ್ಲಿ ಕುಂಞಿ ಯಾರು, ಕಾಳ ಯಾರು ಅಂತ ಮುಖ ನೋಡಿ ನಿಂಗೆ ಹೆಂಗೆ ಗೊತ್ತು?” ಎನ್ನುತ್ತಾಳೆ. ನಾನು ಅಳತೆ ಇಟ್ಟಿದ್ದೇನೆ. ಜ್ಯೋತಿಯ ಎಲೆ ಅಗಲ, ನೆಟ್ಟಗೆ, ಕಡು ಹಸಿರು. ಇದರದ್ದು ಸಪೂರ, ತುದಿಯಲ್ಲಿ ಬಾಗುತ್ತದೆ, ಬಣ್ಣ ಸ್ವಲ್ಪ ತಿಳಿ. ಎಪ್ಪತ್ತು ಬುಡಗಳ ಮೇಲೆ ಸಂಶಯ. ಬಿದಿರು ಕಡ್ಡಿ ಚುಚ್ಚಿದ್ದೇನೆ. ಜ್ಯೋತಿಯಾದರೆ ಈ ತಿಂಗಳಲ್ಲೇ ತೆನೆ ಬರುತ್ತದೆ, ನಮ್ಮದಾದರೆ ಅಕ್ಟೋಬರ್ ಕೊನೆಯವರೆಗೆ ಕಾಯಬೇಕು.

ಮಲಯಾಳದ ಪುಸ್ತಕ ಮುಗಿಯಿತು. ಇನ್ನು ಅದನ್ನೂ ಇದರಲ್ಲೇ ಬರೆಯುತ್ತೇನೆ.

ಸೆಪ್ಟೆಂಬರ್ 21

ಕಡ್ಡಿ ಚುಚ್ಚಿದ ಬುಡಗಳಲ್ಲಿ ಹದಿನೆಂಟು ತೆನೆ ಹಾಕಿದವು. ಕಿತ್ತೆವು. ನಾಳೆ ಎಷ್ಟೋ.

ಪುಲ್ಪಳ್ಳಿ ಬಸ್ಸಿನ ಕಂಡಕ್ಟರ್ ಕುಮಾರನ್, “ಏನು ಚಾಮಿ, ಮೈ ಹುಷಾರಿಲ್ವಾ? ಎರಡು ತಿಂಗಳಾಯ್ತು, ನನ್ನ ಸೀಟಿ ಯಾರೂ ಕದ್ದಿಲ್ಲ,” ಎಂದ. ಯಾಕೆ ಹಾಗೆ ಕೇಳಿದನೋ. ನಾನು ಬಿದಿರು ಕಡ್ಡಿ ಎಷ್ಟು ಉಳಿದಿವೆ ಎಂದು ಲೆಕ್ಕ ಹಾಕುತ್ತಿದ್ದೆ.

ಸೆಪ್ಟೆಂಬರ್ 26

ಇನ್ನೂ ನಲವತ್ತೊಂದು. ಕಿತ್ತೆವು. ಕಡ್ಡಿ ಚುಚ್ಚದ ಬುಡಗಳಲ್ಲೂ ಆರು. ಅಪ್ಪ ಬದುವಿನ ಮೇಲೆ ನಿಂತು, “ಎಲ್ಲಾ ಜ್ಯೋತಿಯೇ ಆದ್ರೆ ಹೆಂಗೆ?” ಎಂದರು. ಅಮ್ಮಿಣಕ್ಕ ತಲೆ ಎತ್ತದೆ, “ಎಲ್ಲಾ ಅಲ್ಲ,” ಎಂದಳು.

ಅಕ್ಟೋಬರ್ 9

ಹನ್ನೆರಡು ದಿನದಿಂದ ಹೊಸ ತೆನೆ ಇಲ್ಲ. ಉಳಿದವು ನನ್ನ ಸೊಂಟ ದಾಟಿ ಬೆಳೆದಿವೆ. ಒಳಗೆ ತೆನೆ ಕಟ್ಟಿದೆಯೇ ಎಂದು ದಿನವೂ ಒಂದು ಕಾಂಡ ಅದುಮಿ ನೋಡುವ ಆಸೆಯಾಗುತ್ತದೆ, ಅಮ್ಮಿಣಕ್ಕ ಕೈಗೆ ಹೊಡೆಯುತ್ತಾಳೆ.

ಅಕ್ಟೋಬರ್ 27

ತೆನೆ.

ಅಕ್ಟೋಬರ್ 31

ನಮ್ಮ ಮನೆಯಲ್ಲಿ ಒಂದು ಪದ್ಧತಿ. ಮುಂದೆ ಬಿತ್ತದ ಮಡಕೆ ಕಾಯುವವಳು ಯಾರೋ, ಅವಳು ಗಂಧಕಸಾಲೆ ಹೂ ಬಿಟ್ಟ ಬೆಳಿಗ್ಗೆ ಒಬ್ಬಳೇ ಗದ್ದೆಗೆ ಹೋಗಿ, ಯಾರೊಂದಿಗೂ ಮಾತಾಡದೆ ನಿಂತು, ವಾಸನೆ ನೋಡಿ ಬಂದು ಹೇಳಬೇಕು. ಅವಳ ಮಾತೇ ಕೊನೆ. ಅಜ್ಜಿಯೂ ಮದುವೆಯಾಗಿ ಬಂದ ವರ್ಷ ಹಾಗೆ ಹೋಗಿದ್ದಳಂತೆ. ಅವಳ ಮೂಗು ನಶ್ಯಕ್ಕೆ ಹೋಗಿ ಐದು ವರ್ಷ. ನಿನ್ನೆ, “ನೀ ಹೋಗಿ ಬಾ,” ಎಂದಳು. ನಾನಾ ಎಂದೆ. “ಇನ್ಯಾರು? ಸಾಯಿಸ್ದೋಳೂ ನೀನೇ, ಎತ್ತಿ ನಿಲ್ಸಿದೋಳೂ ನೀನೇ,” ಎಂದಳು.

ಮಂಜು ಇನ್ನೂ ಹೊಳೆಯ ಮೇಲಿತ್ತು. ನಿಂತೆ. ಉಸಿರು ಎಳೆದೆ. ತೆನೆಗಳನ್ನು ಬಾಗಿಸಿ ನೋಡಿದೆ: ಕಾಳು ಜ್ಯೋತಿಯ ಅರ್ಧದಷ್ಟು ಸಣ್ಣದು, ಎತ್ತರ ನನ್ನ ಎದೆಯವರೆಗೆ, ಎಲೆ ಸಪೂರ, ತುದಿ ಬಾಗಿದ್ದು. ಎಷ್ಟು ಹೊತ್ತು ನಿಂತೆನೋ. ಬಂದು ಬಾಗಿಲಲ್ಲಿ, “ಬಂತು ಅಜ್ಜಿ,” ಎಂದೆ.

ಅಜ್ಜಿ ಎರಡೂ ಕೈಯಿಂದ ನನ್ನ ಮುಖ ಹಿಡಿದುಕೊಂಡಳು. ಅಪ್ಪ ಗದ್ದೆಗೆ ಓಡಿ, “ಹೌದು ಕಣೆ, ಬದು ಹತ್ತೋ ಮುಂಚೇನೇ ಹೊಡೀತದೆ!” ಎಂದು ಕೂಗಿದರು. ಮಧ್ಯಾಹ್ನದ ಹೊತ್ತಿಗೆ ಇಡೀ ಊರಿಗೇ ವಾಸನೆ ಬಂದಿತ್ತು. ಕುಮಾರನ್‌ಗಂತೂ ಬಸ್ಸಿನೊಳಗೆ, ಡೀಸೆಲ್ ನಡುವೆಯೂ ಬಂತಂತೆ.

ಡಿಸೆಂಬರ್ 22

ಕೊಯ್ಲು ಮುಗಿಯಿತು. ಒಂಬತ್ತು ಸೇರು. ಒಂದು ಸೇರು ಅಮ್ಮಿಣಕ್ಕನ ಮನೆಗೆ ಹೋಯಿತು. ಬಿತ್ತ ಒಂದೇ ಮನೆಯಲ್ಲಿ ಇರಬಾರದು ಎಂದು ಅಜ್ಜಿಯೇ ಕಳಿಸಿದಳು. ಮುಂದಿನ ವರ್ಷದಿಂದ ಜ್ಯೋತಿಗೆ ಮದ್ದು, ಗಂಧಕಸಾಲೆಗೆ ಕೈ. ಶ್ರೀಧರನ್ ಸಾರ್ ನನ್ನ ನಾಲ್ಕು ಡಬ್ಬಿಗಳ ಲೆಕ್ಕವನ್ನು ಬರೆದುಕೊಂಡು ಹೋದರು. ಎಂಟು ಸೇರಿನ ಮಡಕೆ ಈಗ ನನ್ನ ಹಾಸಿಗೆಯ ತಲೆದೆಸೆಯಲ್ಲಿದೆ. ಅಜ್ಜಿ ಬಂದವರಿಗೆಲ್ಲ, “ನಂದಕ್ಕಿಂತ ಚುರುಕು ಮೂಗು ನಮ್ಮ ಚಾಮೀದು,” ಎಂದು ಹೇಳುತ್ತಿದ್ದಾಳೆ.

ಮಹಾಸ್ವಾಮಿಗಳೇ, ಇದು ತಮ್ಮ ಕೊನೆಯ ಪುಟ. ತಮಗೂ ಹೇಳದೆ ಬಿಟ್ಟದ್ದು ಒಂದಿದೆ. ಮಲ್ಲಿಗೆ ನನಗೆ ಗೊತ್ತಾಗುತ್ತದೆ, ಕಾಫಿ ಹೂ ಗೊತ್ತಾಗುತ್ತದೆ, ಸಗಣಿ ಬಹಳ ಚೆನ್ನಾಗಿ ಗೊತ್ತಾಗುತ್ತದೆ. ಗಂಧಕಸಾಲೆಯದೊಂದು ನನ್ನ ಮೂಗಿಗೆ ಎಂದೂ ಹತ್ತಿಲ್ಲ. ಮದುವೆಮನೆಯ ಪಾಯಸದ ಮುಂದೆ ಎಲ್ಲರೂ ಕಣ್ಣು ಮುಚ್ಚಿ ಆಹಾ ಎಂದಾಗ ನಾನೂ ಕಣ್ಣು ಮುಚ್ಚಿ ಆಹಾ ಎನ್ನುತ್ತ ಬಂದಿದ್ದೇನೆ. ಅವತ್ತು ಬೆಳಿಗ್ಗೆ ಗದ್ದೆಯಲ್ಲಿ ನನಗೆ ಬಂದದ್ದು ಬರೀ ಕೆಸರಿನ ವಾಸನೆ.